ಪೆಟ್ಟಿಗೆ ಬಂತು, ಬೀಗ ಬಿದ್ದಿರಲಿಲ್ಲ

ಪಾಸ್‌ವರ್ಡ್ ಕೇಳುವ ಪುಟ್ಟ ಪೆಟ್ಟಿಗೆ ಪರದೆಯ ಮೇಲೆ ಬಂತು ಅಂದರೆ ನನ್ನ ಸೈಟ್‌ನ ಫೋಲ್ಡರ್‌ಗೆ ಬೀಗ ಬಿತ್ತು ಅಂತ ನಾನು ಒಂಬತ್ತು ದಿನ ನಂಬಿಕೊಂಡಿದ್ದೆ. ಬಿದ್ದಿರಲಿಲ್ಲ. ಒಳಗಿದ್ದ ಪ್ರತಿಯೊಂದು ಪಟವೂ ಅದರ ವಿಳಾಸ ಗೊತ್ತಿದ್ದವರಿಗೆ ಸಲೀಸಾಗಿ ಸಿಗುತ್ತಿತ್ತು. ಹಾಗಾಗಿದ್ದು ಹೇಗೆ, ಅದನ್ನು ಹಿಡಿದದ್ದು ಹೇಗೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಆ ಪೆಟ್ಟಿಗೆ ಬರುವ ತನಕವೂ ಸಾಕಷ್ಟು ಒದ್ದಾಡಿದ್ದೆ. ಆ ಕಥೆಯೂ ಇದರಲ್ಲೇ ಇದೆ.

ಫೋಲ್ಡರ್‌ನಲ್ಲಿ ಇದ್ದದ್ದು ಅಜ್ಜ ಅಜ್ಜಿಗೆ ಬರೆದ ಕಾಗದಗಳು. ಕೆಲಸಕ್ಕಾಗಿ ದೂರದಲ್ಲಿದ್ದ ವರ್ಷಗಳಲ್ಲಿ ಬರೆದವು. ಒಟ್ಟು 214 ಪುಟ. ಮಡಿಕೆಗಳಲ್ಲಿ ಹರಿಯಲು ಶುರುವಾಗಿದ್ದರಿಂದ ಎರಡು ತಿಂಗಳು ಕೂತು ಒಂದೊಂದನ್ನೇ ಸ್ಕ್ಯಾನ್ ಮಾಡಿದ್ದೆ. ಅವುಗಳಲ್ಲಿ ಪ್ರೀತಿ ಇದೆ, ಜಗಳ ಇದೆ, ಸಾಲದ ಲೆಕ್ಕ ಇದೆ, ಒಂದು ಮಗು ತೀರಿಹೋದ ಸುದ್ದಿಯೂ ಇದೆ. ಮನೆಯವರು ಓದಬೇಕು, ಹೊರಗಿನವರು ಓದಬಾರದು. ನನಗೆ ಬೇಕಿದ್ದದ್ದು ಇಷ್ಟೇ.

ನನ್ನದೊಂದು ಸಣ್ಣ ಬಾಡಿಗೆ ಸರ್ವರ್ ಇದೆ. ಅದರಲ್ಲಿ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ಬ್ರೌಸರ್ ಕೇಳಿದ ಪುಟಗಳನ್ನು ಕೊಡುವ ಅಪಾಚೆ 2.4 ಎಂಬ ಸಾಫ್ಟ್‌ವೇರ್. ಮೂರು ವರ್ಷದ ಹಿಂದೆ ಈ ಕೆಲಸ ತಿಳಿದವರೊಬ್ಬರು ಅದನ್ನು ಸಿದ್ಧ ಮಾಡಿಕೊಟ್ಟಿದ್ದರು. ಆಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಪಟಗಳನ್ನೆಲ್ಲ ಜಿಪ್ ಮಾಡಿ ಏರಿಸಿದೆ, ಅಲ್ಲೇ ಬಿಚ್ಚಿದೆ, ಫೋಲ್ಡರ್‌ಗೆ ‘ಕಾಗದ’ ಅಂತ ಹೆಸರಿಟ್ಟೆ. ಪಟಗಳನ್ನು ತಾರೀಖಿನ ಪ್ರಕಾರ ಸಾಲಾಗಿ ತೋರಿಸುವ ಒಂದು ಪುಟವನ್ನೂ ಬರೆದೆ. ಆಮೇಲೆ ಬೀಗದ ಕೆಲಸಕ್ಕೆ ಕೂತೆ.

ಅಪಾಚೆಯಲ್ಲಿ ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕಲು ಎರಡು ಫೈಲ್ ಬೇಕು. ಒಂದು ಫೋಲ್ಡರ್ ಒಳಗೇ ಇರುವ ಡಾಟ್ ಎಚ್‌ಟಿಆಕ್ಸೆಸ್. ಇನ್ನೊಂದು ಹೆಸರು ಮತ್ತು ಪಾಸ್‌ವರ್ಡ್‌ಗಳಿರುವ ಡಾಟ್ ಎಚ್‌ಟಿಪಾಸ್‌ವರ್ಡ್ ಫೈಲ್. ಇದರ ನಿಜವಾದ ಹೆಸರಿನಲ್ಲಿ ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದದ ‘ಓ’ ಮತ್ತು ‘ಆರ್’ ಇರುವುದಿಲ್ಲ, ಹೇಳಲು ಅನುಕೂಲ ಅಂತ ಪೂರ್ತಿ ಬರೆದಿದ್ದೇನೆ. ಮೊದಲನೆಯದರಲ್ಲಿ ನಾಲ್ಕೇ ಸಾಲು. ಆಥ್‌ಟೈಪ್ ಬೇಸಿಕ್ ಅಂತ ಒಂದು. ಆಥ್‌ನೇಮ್ ಅಂತ ಬರೆದು ಆ ಜಾಗಕ್ಕೊಂದು ಹೆಸರು. ಆಥ್‌ಯೂಸರ್‌ಫೈಲ್ ಅಂತ ಬರೆದು ಪಾಸ್‌ವರ್ಡ್ ಫೈಲ್ ಇರುವ ದಾರಿ. ಕೊನೆಗೆ ರಿಕ್ವೈರ್ ವ್ಯಾಲಿಡ್-ಯೂಸರ್. ನಾನು ಇಲ್ಲಿ ಕನ್ನಡದಲ್ಲಿ ಬರೆದರೂ ಫೈಲ್‌ನಲ್ಲಿ ಇವೆಲ್ಲ ರೋಮನ್ ಅಕ್ಷರದಲ್ಲೇ ಇರಬೇಕು.

ನಾಲ್ಕೂ ಸಾಲು ಬರೆದೆ. ಉಳಿಸಿದೆ. ಬ್ರೌಸರ್‌ನಲ್ಲಿ ತೆರೆದೆ. ಪುಟ ಹಾಗೆಯೇ ಬಂತು. ಪಾಸ್‌ವರ್ಡ್ ಕೇಳಲೇ ಇಲ್ಲ.

ಅರ್ಧ ಗಂಟೆ ಆ ನಾಲ್ಕು ಸಾಲುಗಳ ಕಾಗುಣಿತವನ್ನೇ ಮತ್ತೆ ಮತ್ತೆ ನೋಡಿದೆ. ಅದು ವ್ಯರ್ಥ ಕೆಲಸ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಸರ್ವರ್ ಈ ಫೈಲನ್ನು ಓದುತ್ತಲಾದರೂ ಇದೆಯಾ? ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಡಾಟ್ ಎಚ್‌ಟಿಆಕ್ಸೆಸ್ ಫೈಲ್‌ನ ಮೊದಲ ಸಾಲಿನಲ್ಲಿ ಅರ್ಥವಿಲ್ಲದ ಒಂದು ಪದ ಬರೆಯಿರಿ. ಸರ್ವರ್ ಫೈಲನ್ನು ಓದುತ್ತಿದ್ದರೆ ಆ ಪದ ಅದಕ್ಕೆ ಅರ್ಥವಾಗದೆ 500 ಅಂತ ತಪ್ಪು ತೋರಿಸಲೇಬೇಕು. ನಾನು ಬರೆದೆ. ಪುಟ ಮತ್ತೂ ಆರಾಮಾಗಿ ತೆರೆದುಕೊಂಡಿತು. ಅಂದರೆ ಅಪಾಚೆ ಆ ಫೈಲ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕಾರಣ ಅಲೋಓವರ್‌ರೈಡ್ ಎಂಬ ಸೆಟ್ಟಿಂಗ್. ಫೋಲ್ಡರ್ ಒಳಗಿನ ಡಾಟ್ ಎಚ್‌ಟಿಆಕ್ಸೆಸ್ ಮಾತನ್ನು ಎಷ್ಟರ ಮಟ್ಟಿಗೆ ಕೇಳಬೇಕು ಅಂತ ಅಪಾಚೆಯ ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ ಇದು ಹೇಳುತ್ತದೆ. ಹಳೆಯ ಅಪಾಚೆಯಲ್ಲಿ ಏನೂ ಹೇಳದಿದ್ದರೆ ‘ಎಲ್ಲವನ್ನೂ ಕೇಳು’ ಅಂತ ಅರ್ಥ. 2012ರಲ್ಲಿ ಬಂದ 2.4ರಿಂದ ಅದು ತಿರುಗಿತು, ಈಗ ಏನೂ ಹೇಳದಿದ್ದರೆ ‘ಏನನ್ನೂ ಕೇಳಬೇಡ’. ಅದಕ್ಕೇ ಎಷ್ಟೋ ಹಳೆಯ ವಿವರಣೆಗಳಲ್ಲಿ ಈ ಮಾತು ಇರುವುದೇ ಇಲ್ಲ. ಬರೆದವರ ಕಾಲದಲ್ಲಿ ಅದರ ಅಗತ್ಯ ಇರಲಿಲ್ಲ. ನನ್ನ ಸರ್ವರ್‌ನಲ್ಲಂತೂ ವೆಬ್ ಫೋಲ್ಡರ್‌ಗೆ ‘ನನ್’, ಅಂದರೆ ‘ಏನನ್ನೂ ಕೇಳಬೇಡ’ ಅಂತ ಸ್ಪಷ್ಟವಾಗಿಯೇ ಬರೆದಿತ್ತು. ಅದನ್ನು ಆಥ್‌ಕಾನ್ಫಿಗ್, ಅಂದರೆ ‘ಪಾಸ್‌ವರ್ಡ್‌ಗೆ ಸಂಬಂಧಪಟ್ಟ ಸಾಲುಗಳನ್ನು ಮಾತ್ರ ಕೇಳು’ ಅಂತ ಮಾಡಿದೆ. ‘ಆಲ್’ ಅಂತಲೂ ಹಾಕಬಹುದು, ಆದರೆ ಪಾಸ್‌ವರ್ಡ್ ಕೆಲಸಕ್ಕೆ ಇಷ್ಟು ಸಾಕು. ಬೇಡದ ಬಾಗಿಲನ್ನು ಯಾಕೆ ತೆರೆಯಬೇಕು, ಅಲ್ವಾ? ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಕಮಾಂಡ್ ಕೊಟ್ಟು ಕಾಗುಣಿತ ಸರಿ ಇದೆ ಅಂತ ನೋಡಿಕೊಂಡು, ಅಪಾಚೆಯನ್ನು ರೀಲೋಡ್ ಮಾಡಿದೆ.

ಈಗ 500 ಬಂತು. ಆ ತಪ್ಪು ಕಂಡು ನನಗೆ ಖುಷಿಯಾಯಿತು. ಅರ್ಥವಿಲ್ಲದ ಪದ ಅಳಿಸಿದೆ. ಪೆಟ್ಟಿಗೆ ಬಂತು. ಹೆಸರು, ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದೆ. ಮತ್ತೆ 500.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ, ಯಾಕೆಂದರೆ ಆ ಪೆಟ್ಟಿಗೆ ಏನು ಅನ್ನುವುದು ಇಡೀ ಕಥೆಗೆ ಮುಖ್ಯ. ಅದನ್ನು ತೋರಿಸುವುದು ಸರ್ವರ್ ಅಲ್ಲ, ಬ್ರೌಸರ್. ಬ್ರೌಸರ್ ಪುಟ ಕೇಳುತ್ತದೆ. ಸರ್ವರ್ 401 ಅಂತ ಉತ್ತರಿಸಿ, ‘ಬೇಸಿಕ್ ರೀತಿಯಲ್ಲಿ ಗುರುತು ಹೇಳು’ ಅಂತ ಒಂದು ಹೆಡರ್, ಅಂದರೆ ಉತ್ತರದ ಜೊತೆ ಹೋಗುವ ಪುಟ್ಟ ಸೂಚನೆ, ಕಳಿಸುತ್ತದೆ. ಅದನ್ನು ನೋಡಿ ಬ್ರೌಸರ್ ಪೆಟ್ಟಿಗೆ ತೋರಿಸುತ್ತದೆ. ನೀವು ತುಂಬಿದ ಹೆಸರು ಮತ್ತು ಪಾಸ್‌ವರ್ಡನ್ನು ನಡುವೆ ಒಂದು ಕೋಲನ್ ಹಾಕಿ ಜೋಡಿಸಿ, ಬೇಸ್64 ಎಂಬ ಲಿಪಿಗೆ ಬದಲಿಸಿ, ಅದೇ ಪುಟವನ್ನು ಮತ್ತೊಮ್ಮೆ ಕೇಳುತ್ತದೆ. ಸರ್ವರ್ ಪಾಸ್‌ವರ್ಡ್ ಫೈಲನ್ನು ತೆರೆಯುವುದು ಆಗ ಮಾತ್ರ. ಅಂದರೆ ಪಾಸ್‌ವರ್ಡ್ ಫೈಲೇ ಇಲ್ಲದಿದ್ದರೂ ಪೆಟ್ಟಿಗೆ ಬರುತ್ತದೆ. ನನಗೆ ಆಗಿದ್ದೂ ಅದೇ. (ಬೇಸ್64 ಗುಟ್ಟಿನ ಲಿಪಿಯಲ್ಲ, ಯಾರು ಬೇಕಾದರೂ ಹಿಂದಕ್ಕೆ ಬದಲಿಸಬಹುದು. ಹಾಗಾಗಿ ದಾರಿಯಲ್ಲಿ ಎಲ್ಲವನ್ನೂ ಗುಟ್ಟಾಗಿಡುವ ಎಚ್‌ಟಿಟಿಪಿಎಸ್ ಇಲ್ಲದ ಸೈಟ್‌ನಲ್ಲಿ ಈ ಬೀಗವನ್ನು ನಂಬಲೇಬೇಡಿ. ನನ್ನದರಲ್ಲಿ ಅದು ಮೊದಲೇ ಇತ್ತು.)

500 ಬಂದಾಗ ಬ್ರೌಸರ್ ಏನನ್ನೂ ಬಿಡಿಸಿ ಹೇಳುವುದಿಲ್ಲ. ಹೇಳುವುದು ಅಪಾಚೆಯ ಎರರ್ ಲಾಗ್, ಅಂದರೆ ಆದ ತಪ್ಪುಗಳನ್ನು ಅದು ಬರೆದಿಡುವ ಫೈಲ್. ಒಂದು ಟರ್ಮಿನಲ್‌ನಲ್ಲಿ ಟೇಲ್ ಮೈನಸ್ ಎಫ್ ಕಮಾಂಡ್‌ನಿಂದ ಲಾಗನ್ನು ತೆರೆದಿಟ್ಟುಕೊಂಡು, ಇನ್ನೊಂದು ಕಡೆ ಬ್ರೌಸರ್‌ನಲ್ಲಿ ಪ್ರಯತ್ನಿಸಿದೆ. ತಕ್ಷಣ ಸಾಲು ಬಿತ್ತು. ಪಾಸ್‌ವರ್ಡ್ ಫೈಲ್ ತೆರೆಯಲಾಗಲಿಲ್ಲ, ಅಂಥ ಫೈಲ್ ಇಲ್ಲ ಅಂತ. ಅದು ಹುಡುಕಿದ ದಾರಿಯೂ ಅಲ್ಲೇ ಇತ್ತು. ಅದು ನನ್ನ ‘ಕಾಗದ’ ಫೋಲ್ಡರ್ ಅಲ್ಲ, /ಇಟಿಸಿ/ಅಪಾಚೆ2 ಫೋಲ್ಡರ್.

ನಾನು ಆಥ್‌ಯೂಸರ್‌ಫೈಲ್ ಸಾಲಿನಲ್ಲಿ ಬರೀ ಫೈಲ್ ಹೆಸರು ಬರೆದಿದ್ದೆ. ಪಕ್ಕದಲ್ಲೇ ಇದೆಯಲ್ಲ, ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ದಾರಿ ಓರೆಗೆರೆಯಿಂದ ಶುರುವಾಗದಿದ್ದರೆ ಅಪಾಚೆ ಅದನ್ನು ತನ್ನ ಸ್ವಂತ ಮೂಲ ಫೋಲ್ಡರ್‌ನಿಂದ ಹುಡುಕುತ್ತದೆ, ಡಾಟ್ ಎಚ್‌ಟಿಆಕ್ಸೆಸ್ ಇರುವ ಜಾಗದಿಂದ ಅಲ್ಲ. ಪೂರ್ತಿ ದಾರಿ ಕೊಡಬೇಕು. ಹೇಗೂ ಪಾಸ್‌ವರ್ಡ್ ಫೈಲನ್ನು ವೆಬ್ ಫೋಲ್ಡರ್ ಒಳಗೆ ಇಡುವುದು ಒಳ್ಳೆಯದಲ್ಲ. ಹಾಗಾಗಿ ಅದನ್ನು ನನ್ನ ಹೋಮ್ ಫೋಲ್ಡರ್‌ಗೆ ಒಯ್ದು, ಪೂರ್ತಿ ದಾರಿ ಬರೆದೆ.

ಮತ್ತೆ 500. ಆದರೆ ಲಾಗ್‌ನ ಮಾತು ಬದಲಾಗಿತ್ತು. ಮೊದಲು ಸಾಲಿನಲ್ಲಿ ಆವರಣದೊಳಗೆ 2 ಇತ್ತು, ಈಗ 13. ಎರಡು ಅಂದರೆ ಫೈಲ್ ಇಲ್ಲ. ಹದಿಮೂರು ಅಂದರೆ ಫೈಲ್ ಇದೆ, ಓದಲು ಅನುಮತಿ ಇಲ್ಲ. ಫೈಲಿನ ಅನುಮತಿ ನೋಡಿದರೆ ಎಲ್ಲರೂ ಓದಬಹುದು ಅಂತಲೇ ಇತ್ತು. ಗೊಂದಲವಾಯಿತು. ಬಿಡಿಸಿದ್ದು ನೇಮ್‌ಐ ಎಂಬ ಕಮಾಂಡ್. ಮೈನಸ್ ಎಲ್ ಜೊತೆಗೆ ಫೈಲಿನ ದಾರಿ ಕೊಟ್ಟರೆ, ಮೇಲಿನಿಂದ ಕೆಳಗಿನ ತನಕ ಪ್ರತಿ ಫೋಲ್ಡರ್‌ನ ಅನುಮತಿಯನ್ನೂ ಒಂದೊಂದು ಸಾಲಿನಲ್ಲಿ ತೋರಿಸುತ್ತದೆ. ಫೈಲ್ ತೆರೆದಿತ್ತು, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿದ್ದ ನನ್ನ ಹೋಮ್ ಫೋಲ್ಡರ್‌ನ ಅನುಮತಿ 750, ಅಂದರೆ ನನಗೂ ನನ್ನ ಗುಂಪಿಗೂ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. ಹೊಸ ಉಬುಂಟುವಿನಲ್ಲಿ ಹೋಮ್ ಫೋಲ್ಡರ್‌ಗಳು ಹಾಗೆಯೇ ಹುಟ್ಟುತ್ತವೆ. ಅಪಾಚೆ ಓಡುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ. ಅದಕ್ಕೆ ಹೊಸಿಲು ದಾಟಲು ಬಿಡದ ಮೇಲೆ ಒಳಗಿನ ಕೋಣೆ ತೆರೆದಿದ್ದರೂ ಏನು ಪ್ರಯೋಜನ?

ಇಂಥ ಹೊತ್ತಿನಲ್ಲಿ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟುಬಿಡಿ ಅಂತ ಸಲಹೆ ಕೊಡುವವರು ಯಾವಾಗಲೂ ಇರುತ್ತಾರೆ. ದಯವಿಟ್ಟು ಮಾಡಬೇಡಿ. ಬೀಗ ಹಾಕಲು ಹೊರಟವರು ಇಡೀ ಮನೆಯ ಬಾಗಿಲು ತೆಗೆದಿಟ್ಟ ಹಾಗೆ. ನಾನು ಫೈಲನ್ನು /ಇಟಿಸಿ/ಅಪಾಚೆ2 ಒಳಗೆ ಇಟ್ಟೆ. ಒಡೆತನ ಸರ್ವರ್‌ನ ಮುಖ್ಯ ಬಳಕೆದಾರನಾದ ರೂಟ್‌ಗೆ, ಗುಂಪು ಅಪಾಚೆಯ ಬಳಕೆದಾರನಿಗೆ, ಅನುಮತಿ 640. ರೂಟ್ ಬರೆಯಬಹುದು, ಅಪಾಚೆ ಓದಬಹುದು, ಬೇರೆಯವರಿಗೆ ಏನೂ ಇಲ್ಲ.

500 ಹೋಯಿತು. ಆದರೆ ಹೆಸರು, ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ಪೆಟ್ಟಿಗೆ ಮತ್ತೆ ಮತ್ತೆ ಬರತೊಡಗಿತು.

ನಾಲ್ಕು ಜನರಿಗೆ ಹೆಸರು ಮಾಡಿದ್ದೆ. ನಾನು, ತಂಗಿ, ಚಿಕ್ಕಪ್ಪ, ಅತ್ತೆ. ಉಳಿದವರಿಗೆ ಆಮೇಲೆ ಮಾಡೋಣ ಅಂತ ಇತ್ತು. ಅತ್ತೆಯ ಹೆಸರಿನಲ್ಲಿ ಒಳಗೆ ಹೋಗಲು ಆಗುತ್ತಿತ್ತು, ಉಳಿದ ಮೂವರ ಹೆಸರಿನಲ್ಲಿ ಇಲ್ಲ. ಲಾಗ್ ನೋಡಿದೆ. ‘ಬಳಕೆದಾರ ಸಿಗಲಿಲ್ಲ’ ಅಂತ ಇತ್ತು. ಬ್ರೌಸರ್‌ನಲ್ಲಿ ಹೆಸರು ತಪ್ಪಾದರೂ, ಪಾಸ್‌ವರ್ಡ್ ತಪ್ಪಾದರೂ ಕಾಣುವುದು ಅದೇ ಪೆಟ್ಟಿಗೆ. ಲಾಗ್ ಮಾತ್ರ ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತದೆ. ಹೆಸರೇ ಇಲ್ಲದಿದ್ದರೆ ಒಂದು ಸಾಲು, ಪಾಸ್‌ವರ್ಡ್ ಹೊಂದದಿದ್ದರೆ ಇನ್ನೊಂದು. ಪಾಸ್‌ವರ್ಡ್ ಫೈಲ್ ತೆರೆದು ನೋಡಿದೆ. ಒಂದೇ ಸಾಲು ಇತ್ತು, ಅತ್ತೆಯದು.

ಹೆಸರು ಸೇರಿಸುವ ಕಮಾಂಡ್‌ನಲ್ಲಿ ಮೈನಸ್ ಸಿ ಅಂದರೆ ‘ಹೊಸ ಫೈಲ್ ಮಾಡು’ ಅಂತ. ಮೊದಲ ಸಲ ಅದು ಬೇಕು. ಎರಡನೆಯ ಸಲವೂ ಹಾಕಿದರೆ ಇದ್ದ ಫೈಲನ್ನು ಒಂದು ಮಾತೂ ಕೇಳದೆ ಅಳಿಸಿ ಹೊಸದು ಮಾಡುತ್ತದೆ. ನಾನು ಮೊದಲ ಕಮಾಂಡನ್ನೇ ಮೇಲಿನ ಬಾಣದ ಕೀಲಿ ಒತ್ತಿ ತಂದು, ಹೆಸರು ಮಾತ್ರ ಬದಲಿಸುತ್ತಾ ಹೋಗಿದ್ದೆ. ನಾಲ್ಕು ಸಲವೂ ಹೊಸ ಫೈಲ್ ಆಗಿತ್ತು. ನಾಲ್ಕೇ ಜನ ಆದ್ದರಿಂದ ಬಚಾವಾದೆ. ನಲವತ್ತು ಜನರ ಫೈಲ್ ಹೀಗೆ ಹೋದರೆ ಹಿಂದೆ ತರಲು ದಾರಿಯಿಲ್ಲ, ಅದರಲ್ಲಿ ಇರುವುದು ಪಾಸ್‌ವರ್ಡ್‌ಗಳಲ್ಲ, ಅವುಗಳಿಂದ ಮಾಡಿದ, ಹಿಂದಕ್ಕೆ ಬಿಡಿಸಲಾಗದ ಹ್ಯಾಶ್ ಮಾತ್ರ. ಎಲ್ಲರಿಗೂ ಹೊಸದಾಗಿ ಮಾಡಿ ಕೊಡಬೇಕು.

ಈ ಸಲ ಮೈನಸ್ ಸಿ ಇಲ್ಲದೆ, ಮೈನಸ್ ದೊಡ್ಡ ಬಿ ಹಾಕಿ ಮಾಡಿದೆ. ಅದು ಬಿಕ್ರಿಪ್ಟ್ ಎಂಬ ಗಟ್ಟಿ ವಿಧಾನ. ಏನೂ ಹೇಳದಿದ್ದರೆ ಅಪಾಚೆ ತನ್ನದೇ ಎಂಡಿ5 ಬಗೆಯನ್ನು ಬಳಸುತ್ತದೆ. ತುಂಬಾ ಹಳೆಯ ಕ್ರಿಪ್ಟ್ ವಿಧಾನವನ್ನು ಮಾತ್ರ ಮುಟ್ಟಬೇಡಿ, ಅದು ಪಾಸ್‌ವರ್ಡ್‌ನ ಮೊದಲ 8 ಅಕ್ಷರ ಮಾತ್ರ ನೋಡುತ್ತದೆ. ಇನ್ನೊಂದು ಉಪಕಾರಿ: ಅದೇ ಕಮಾಂಡ್‌ಗೆ ಮೈನಸ್ ವಿ ಕೊಟ್ಟರೆ, ಫೈಲ್‌ನಲ್ಲಿರುವುದಕ್ಕೂ ನೀವು ಟೈಪ್ ಮಾಡಿದ ಪಾಸ್‌ವರ್ಡ್‌ಗೂ ಹೊಂದುತ್ತದಾ ಅಂತ ಅಲ್ಲೇ ಹೇಳಿಬಿಡುತ್ತದೆ. ಬ್ರೌಸರ್, ಅಪಾಚೆ ಯಾವುದೂ ನಡುವೆ ಬರುವುದಿಲ್ಲ.

ಅಜ್ಜಿ ಯಾವಾಗಲೂ ಹೇಳುತ್ತಿದ್ದ ಒಂದು ಮಾತಿದೆ. ಅದನ್ನೇ ಕನ್ನಡದಲ್ಲಿ ಪಾಸ್‌ವರ್ಡ್ ಆಗಿ ಇಡಬೇಕು ಅಂತ ನನಗೆ ಬಹಳ ಆಸೆ ಇತ್ತು. ಮನೆಯವರಿಗೆಲ್ಲ ತಾನಾಗಿ ನೆನಪಿರುತ್ತದೆ, ಹೊರಗಿನವರಿಗೆ ಗೊತ್ತಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ಕೆಲಸವನ್ನೂ ಮಾಡಿತು. ತಂಗಿಯ ಫೋನ್‌ನಲ್ಲಿ ಮಾಡಲಿಲ್ಲ. ಯಾಕೆ ಅಂತ ಸ್ವಲ್ಪ ಆಳಕ್ಕೆ ಇಳಿದೆ.

ಕಣ್ಣಿಗೆ ಒಂದೇ ಥರ ಕಾಣುವ ಕನ್ನಡ ಪದ ಕಂಪ್ಯೂಟರ್ ಒಳಗೆ ಎರಡು ಥರ ಇರಬಹುದು. ಉದಾಹರಣೆಗೆ ‘ಕೊ’. ಅದರ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಅಥವಾ ಎತ್ವದ ಮುಂದೆ ಕೊಂಬಿನ ದೀರ್ಘ ಸೇರಿಸಿ ಎರಡು ಚಿಹ್ನೆಯಾಗಿಯೂ ಬರೆಯಬಹುದು. ಪರದೆಯಲ್ಲಿ ವ್ಯತ್ಯಾಸವಿಲ್ಲ. ಇನ್ನು ‘ಪಾಸ್‌ವರ್ಡ್’ ಅನ್ನುವ ಪದವನ್ನೇ ನೋಡಿ. ಅದರಲ್ಲಿ ಸ್ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇದೆ, ಅವೆರಡೂ ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ತಡೆಯಲು. ಅದು ಇದ್ದರೆ ಒಂದು ಪಾಸ್‌ವರ್ಡ್, ಇಲ್ಲದಿದ್ದರೆ ಬೇರೆಯದೇ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೀ ಚುಕ್ಕಿಗಳು ಕಾಣುವುದರಿಂದ ತಪ್ಪು ಎಲ್ಲಾಯಿತು ಅಂತ ಗೊತ್ತಾಗುವುದೂ ಇಲ್ಲ. ಸಾಲದ್ದಕ್ಕೆ, ಈ ಬೇಸಿಕ್ ವಿಧಾನದ 1999ರ ನಿಯಮದಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಹೇಗೆ ಕಳಿಸಬೇಕು ಅಂತ ಸರಿಯಾಗಿ ಹೇಳಿರಲಿಲ್ಲ. 2015ರ ಹೊಸ ನಿಯಮದಲ್ಲಿ, ಎಲ್ಲ ಭಾಷೆಗಳ ಅಕ್ಷರವನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನ ಬಳಸು ಅಂತ ಸರ್ವರ್ ಸೂಚಿಸಲು ಅವಕಾಶ ಬಂತು. ಬಿಕ್ರಿಪ್ಟ್‌ಗೆ ಇನ್ನೊಂದು ಮಿತಿ: 72 ಬೈಟ್ ಆಚೆಗೆ ಅದು ನೋಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ 24 ಚಿಹ್ನೆಗೇ ಮುಗಿಯಿತು. ಅಕ್ಷರ, ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಎಣಿಸಿದರೆ ಅಜ್ಜಿಯ ಮಾತು ಅದಕ್ಕಿಂತ ಉದ್ದ ಇತ್ತು.

ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಿಟ್ಟು, ಒಬ್ಬೊಬ್ಬರಿಗೂ ಬೇರೆ ಬೇರೆ ರೋಮನ್ ಅಕ್ಷರದ ಪಾಸ್‌ವರ್ಡ್ ಕೊಟ್ಟೆ.

ಚಿಕ್ಕಪ್ಪ ಮಾರನೇ ದಿನ ಫೋನ್ ಮಾಡಿದರು. “ಏನಮ್ಮಾ, ನಿನ್ನ ಬೀಗ ನನ್ನನ್ನು ಒಳಗೇ ಬಿಡ್ತಿಲ್ಲವಲ್ಲ.” ಲಾಗ್ ತೆರೆದಿಟ್ಟುಕೊಂಡು, “ಇನ್ನೊಂದ್ಸಲ ಹಾಕಿ ಚಿಕ್ಕಪ್ಪ, ನೋಡ್ತಿದೀನಿ” ಅಂದೆ. ಸಾಲು ಬಿತ್ತು. ಬಳಕೆದಾರ ಸಿಗಲಿಲ್ಲ. ಹೆಸರಿನ ಮೊದಲ ಅಕ್ಷರ ದೊಡ್ಡದು. ಅವರ ಫೋನಿನ ಕೀಬೋರ್ಡ್ ತಾನಾಗಿಯೇ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತಿತ್ತು. ಅಪಾಚೆಗೆ ದೊಡ್ಡಕ್ಷರದ ಹೆಸರು ಬೇರೆ, ಸಣ್ಣಕ್ಷರದ ಹೆಸರು ಬೇರೆ. ಕೀಬೋರ್ಡ್ ಸೆಟ್ಟಿಂಗ್ ಬದಲಿಸಿ ಅಂತ ಅವರಿಗೆ ಫೋನಿನಲ್ಲಿ ವಿವರಿಸುವ ಬದಲು, ಪಾಸ್‌ವರ್ಡ್ ಫೈಲ್‌ನಲ್ಲಿ ಅವರ ಸಾಲನ್ನು ನಕಲು ಮಾಡಿ ಕೆಳಗೆ ಅಂಟಿಸಿ, ಹೆಸರಿನ ಮೊದಲ ಅಕ್ಷರವನ್ನು ಮಾತ್ರ ದೊಡ್ಡದು ಮಾಡಿದೆ. ಬಿಕ್ರಿಪ್ಟ್ ಹ್ಯಾಶ್‌ನಲ್ಲಿ ಹೆಸರು ಸೇರಿರುವುದಿಲ್ಲ, ಹಾಗಾಗಿ ಇದು ನಡೆಯುತ್ತದೆ. ಚಿಕ್ಕಪ್ಪ ಒಳಗೆ ಹೋದರು. ಮೊದಲ ಕಾಗದದ ಮೊದಲ ಸಾಲನ್ನು ಫೋನಿನಲ್ಲೇ ಗಟ್ಟಿಯಾಗಿ ಓದಿದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಬೀಗ ಸರಿಯಾಯಿತು ಅಂತ ನಾನು ನೆಮ್ಮದಿಯಾಗಿದ್ದೆ. ಒಂದೊಂದಾಗಿ ಉಳಿದವರಿಗೂ ಹೆಸರು ಮಾಡಿಕೊಟ್ಟೆ. ಒಟ್ಟು ಹನ್ನೊಂದು ಜನ.

ಒಂಬತ್ತನೇ ದಿನ ತಂಗಿ ಫೋನ್ ಮಾಡಿದಳು. “ಅಕ್ಕಾ, ಒಂದು ಪಟದ ಲಿಂಕ್ ಮಾತ್ರ ತೆಗೆದು ಅತ್ತೆ ಮಗಳಿಗೆ ಕಳಿಸಿದ್ದೆ. ಅವಳಿಗಿನ್ನೂ ಪಾಸ್‌ವರ್ಡ್ ಕೊಟ್ಟಿಲ್ಲ ತಾನೇ? ಅವಳಿಗೆ ಹಾಗೇ ತೆರೆದುಕೊಂಡಿತಂತೆ.”

ನನಗೆ ಮೊದಲು ಹೊಳೆದದ್ದು ಬ್ರೌಸರ್‌ನ ನೆನಪು. ಬೇಸಿಕ್ ವಿಧಾನದಲ್ಲಿ ಲಾಗ್ಔಟ್ ಅನ್ನುವುದೇ ಇಲ್ಲ. ಒಂದು ಸಲ ಸರಿಯಾಗಿ ಹಾಕಿದರೆ ಬ್ರೌಸರ್ ಮುಚ್ಚುವ ತನಕ ಅದನ್ನೇ ಪ್ರತಿ ಸಲ ಕಳಿಸುತ್ತಿರುತ್ತದೆ. ಅದೇ ಕಿಟಕಿಯಲ್ಲಿ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಅವಳು ಒಂದು ಸಲವೂ ಪಾಸ್‌ವರ್ಡ್ ಹಾಕಿದವಳೇ ಅಲ್ಲ. ನೆನಪಿಟ್ಟುಕೊಳ್ಳಲು ಅವಳ ಬ್ರೌಸರ್ ಹತ್ತಿರ ಏನೂ ಇರಲಿಲ್ಲ.

ಬ್ರೌಸರ್ ಇಲ್ಲದೆ ಸರ್ವರನ್ನು ನೇರವಾಗಿ ಕೇಳುವ ಕರ್ಲ್ ಕಮಾಂಡ್‌ಗೆ, ಹೆಡರ್ ಮಾತ್ರ ತೋರಿಸಲು ಮೈನಸ್ ದೊಡ್ಡ ಐ ಹಾಕಿ, ಮೊದಲು ಪುಟದ ವಿಳಾಸ ಕೊಟ್ಟೆ. 401. ಸರಿ. ಆಮೇಲೆ ಒಂದು ಪಟದ ವಿಳಾಸ ಕೊಟ್ಟೆ. 200. ಅಂದರೆ ‘ಇಗೋ ತಗೊಳ್ಳಿ’ ಅಂತ. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಒಂಬತ್ತು ದಿನ ಅಜ್ಜನ ಕಾಗದಗಳು ಬೀದಿಯಲ್ಲಿದ್ದವು.

ಉತ್ತರ ಆ ಕರ್ಲ್ ತೋರಿಸಿದ ಹೆಡರ್‌ಗಳಲ್ಲೇ ಇತ್ತು. ಸರ್ವರ್ ಅನ್ನುವ ಸಾಲಿನಲ್ಲಿ ಅಪಾಚೆ ಇರಲಿಲ್ಲ. ಎಂಜಿನ್‌ಎಕ್ಸ್ ಅಂತ ಇತ್ತು. ಅದು ಅಪಾಚೆಯಂಥದ್ದೇ ಇನ್ನೊಂದು ಸಾಫ್ಟ್‌ವೇರ್.

ಮೂರು ವರ್ಷದ ಹಿಂದೆ ಸರ್ವರ್ ಸಿದ್ಧ ಮಾಡಿದಾಗ ಅಪಾಚೆಯ ಮುಂದೆ ಎಂಜಿನ್‌ಎಕ್ಸ್ ಕೂರಿಸಿದ್ದರು. ಹೊರಗಿನಿಂದ ಬಂದ ಕೋರಿಕೆಯನ್ನು ಮೊದಲು ತೆಗೆದುಕೊಳ್ಳುವುದು ಅದು. ಸಾಮಾನ್ಯ ಪುಟಗಳನ್ನು ಹಿಂದಿರುವ ಅಪಾಚೆಗೆ ದಾಟಿಸುತ್ತದೆ. ಚಿತ್ರ, ಪಿಡಿಎಫ್, ಸ್ಟೈಲ್ ಫೈಲ್‌ಗಳನ್ನು ಮಾತ್ರ ಅಪಾಚೆಯನ್ನು ಕೇಳದೆ ತಾನೇ ಡಿಸ್ಕ್‌ನಿಂದ ತೆಗೆದು ಕೊಟ್ಟುಬಿಡುತ್ತದೆ, ವೇಗಕ್ಕಾಗಿ. ಇದು ತಪ್ಪೇನಲ್ಲ, ಬಹಳ ಜನ ಹೀಗೆಯೇ ಮಾಡುತ್ತಾರೆ. ಆದರೆ ಎಂಜಿನ್‌ಎಕ್ಸ್‌ಗೆ ಡಾಟ್ ಎಚ್‌ಟಿಆಕ್ಸೆಸ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಅಪಾಚೆಯ ಭಾಷೆ. ನನ್ನ ಬೀಗ ಹಿಂದಿನ ಕೋಣೆಯಲ್ಲಿ ನೇತಾಡುತ್ತಿತ್ತು, ಪಟಗಳು ಮುಂದಿನ ಕಿಟಕಿಯಿಂದ ಹೋಗುತ್ತಿದ್ದವು. ನಾನು ಒಂಬತ್ತು ದಿನವೂ ಪುಟವನ್ನೇ ಪರೀಕ್ಷಿಸಿದ್ದೆ. ಕಾಪಾಡಬೇಕಾಗಿದ್ದದ್ದು ಪುಟವನ್ನಲ್ಲ, ಪಟಗಳನ್ನು. ಅವುಗಳಲ್ಲಿ ಒಂದನ್ನಾದರೂ ನೇರವಾಗಿ ಕೇಳಿ ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಸರಿ ಮಾಡಲು ಎರಡು ದಾರಿ ಇದ್ದವು. ಎಂಜಿನ್‌ಎಕ್ಸ್‌ನಲ್ಲೇ ಬೀಗ ಹಾಕುವುದು ಒಂದು. ಅದಕ್ಕೆ ಆಥ್_ಬೇಸಿಕ್ ಮತ್ತು ಆಥ್_ಬೇಸಿಕ್_ಯೂಸರ್_ಫೈಲ್ ಅಂತ ಅದರದೇ ಎರಡು ಸಾಲು ಇವೆ, ಅದೇ ಬಗೆಯ ಪಾಸ್‌ವರ್ಡ್ ಫೈಲನ್ನೇ ಓದುತ್ತದೆ. ಇನ್ನೊಂದು, ಈ ಒಂದು ಫೋಲ್ಡರ್‌ಗೆ ಬಂದ ಎಲ್ಲವನ್ನೂ ಚಿತ್ರ ಅಂತ ನೋಡದೆ ಅಪಾಚೆಗೇ ದಾಟಿಸುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಬೀಗ ಒಂದೇ ಕಡೆ ಇರಲಿ ಅಂತ. ಎರಡು ಕಡೆ ಇದ್ದರೆ ಮುಂದೊಂದು ದಿನ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತೇನೆ. ಹನ್ನೊಂದು ಜನ ನೋಡುವ ಫೋಲ್ಡರ್‌ನಲ್ಲಿ ವೇಗದ ಚಿಂತೆಯೂ ಇಲ್ಲ.

ಅಲ್ಲೂ ಒಂದು ಸೂಕ್ಷ್ಮ ಇದೆ. ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ‘ಕಾಗದ’ ಫೋಲ್ಡರ್‌ಗೆ ಒಂದು ಲೊಕೇಶನ್, ಅಂದರೆ ಆ ವಿಳಾಸಕ್ಕೆ ಏನು ಮಾಡಬೇಕು ಅನ್ನುವ ನಿಯಮ, ಬರೆದು ಅಪಾಚೆಗೆ ದಾಟಿಸಿದೆ. ಕರ್ಲ್ ಮತ್ತೂ 200 ಅಂದಿತು. ಯಾಕೆಂದರೆ ಚಿತ್ರಗಳ ನಿಯಮ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ವಿಳಾಸ ಒಂದು ಮಾದರಿಗೆ ಹೊಂದುತ್ತದಾ ಅಂತ ನೋಡುವ ಬರಹದಲ್ಲಿ, ಇತ್ತು. ಫೋಲ್ಡರ್ ಹೆಸರಿನ ಸಾದಾ ಲೊಕೇಶನ್ ಹೊಂದಿದರೂ, ರೆಗ್ಯುಲರ್ ಎಕ್ಸ್‌ಪ್ರೆಶನ್ ಒಂದು ಹೊಂದಿದರೆ ಎಂಜಿನ್‌ಎಕ್ಸ್ ಅದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗದಿರಲು ಫೋಲ್ಡರ್‌ನ ಲೊಕೇಶನ್ ಮುಂದೆ ^~ ಎಂಬ ಎರಡು ಗುರುತು ಹಾಕಬೇಕು. ‘ಇದು ಹೊಂದಿದರೆ ಮುಂದೆ ರೆಗ್ಯುಲರ್ ಎಕ್ಸ್‌ಪ್ರೆಶನ್ ನೋಡಲೇಬೇಡ’ ಅಂತ ಅದರ ಅರ್ಥ. ಎಂಜಿನ್‌ಎಕ್ಸ್‌ನಲ್ಲೇ ಬೀಗ ಹಾಕಿದ್ದರೂ ಇದು ಬೇಕಾಗುತ್ತಿತ್ತು. ಹಾಕಿದೆ, ರೀಲೋಡ್ ಮಾಡಿದೆ.

ಪುಟ 401. ಪಟ 401. ಪಾಸ್‌ವರ್ಡ್ ಕೊಟ್ಟು ಕೇಳಿದರೆ 200.

ತಂಗಿಗೆ ಹೇಳಿದೆ. ಅತ್ತೆ ಮಗಳಿಗೆ ಕೇಳಿ ನೋಡಿ ಅವಳು ತಿರುಗಿ ಫೋನ್ ಮಾಡಿದಳು. “ಇನ್ನೂ ತೆರೀತಿದೆಯಂತೆ ಅಕ್ಕಾ.” ಒಂದು ಕ್ಷಣ ಎದೆ ಧಸಕ್ ಎಂದಿತು. ಆಮೇಲೆ ಎಂಜಿನ್‌ಎಕ್ಸ್‌ನ ಚಿತ್ರಗಳ ನಿಯಮದಲ್ಲಿ ‘30 ದಿನ ಇಟ್ಟುಕೊಳ್ಳಬಹುದು’ ಅಂತ ಬರೆದಿದ್ದದ್ದು ನೆನಪಾಯಿತು. ಅವಳ ಬ್ರೌಸರ್ ಸರ್ವರನ್ನು ಕೇಳುತ್ತಲೇ ಇರಲಿಲ್ಲ, ತನ್ನ ಹತ್ತಿರ ಇದ್ದ ಪ್ರತಿಯನ್ನೇ ತೋರಿಸುತ್ತಿತ್ತು. ಖಾಸಗಿ ಕಿಟಕಿಯಲ್ಲಿ ತೆರೆಯಲು ಹೇಳಿದೆ. ಪೆಟ್ಟಿಗೆ ಬಂತು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಎಂಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್ ತೆಗೆದೆ. ಉಬುಂಟುವಿನಲ್ಲಿ ಅದು 14 ದಿನದ್ದು ಉಳಿದಿರುತ್ತದೆ, ನನಗೆ ಬೇಕಿದ್ದದ್ದು ಒಂಬತ್ತು ದಿನ. ಪ್ರತಿ ಸಾಲಿನಲ್ಲೂ ಯಾವ ಐಪಿ (ಕೇಳಿದವರ ಇಂಟರ್ನೆಟ್ ವಿಳಾಸ), ಯಾವ ಫೈಲ್, ಏನು ಉತ್ತರ ಅಂತ ಇರುತ್ತದೆ. ‘ಕಾಗದ’ ಫೋಲ್ಡರ್‌ನ ಪಟಗಳನ್ನು ಕೇಳಿದ ಸಾಲುಗಳನ್ನು ಬೇರೆ ಮಾಡಿದೆ. ಪುಟಕ್ಕೆ 200 ಸಿಕ್ಕಿದ ಐಪಿಗಳ ಪಟ್ಟಿ ಒಂದು ಕಡೆ, ಅವು ಪಾಸ್‌ವರ್ಡ್ ಹಾಕಿ ಬಂದವರದು. ಪಟಕ್ಕೆ 200 ಸಿಕ್ಕಿದ ಐಪಿಗಳು ಇನ್ನೊಂದು ಕಡೆ. ಎರಡನ್ನೂ ಹೋಲಿಸಿದೆ. ಎರಡನೆಯದರಲ್ಲಿ ಮಾತ್ರ ಇದ್ದವು ಎರಡು. ಒಂದು ಅತ್ತೆ ಮಗಳದು. ಇನ್ನೊಂದು, ತಂಗಿ ಲಿಂಕ್ ಕಳಿಸಿದಾಗ ಅದರ ಪುಟ್ಟ ಚಿತ್ರ ತೋರಿಸಲು ಮೆಸೇಜ್ ಆ್ಯಪ್ ತಾನೇ ಬಂದು ಎತ್ತಿಕೊಂಡಿದ್ದು. ಒಂದೇ ಪಟ. ಸರ್ಚ್ ಎಂಜಿನ್‌ನ ಗುರುತು ಎಲ್ಲೂ ಇರಲಿಲ್ಲ. ಎರಡು ಸಲ ಎಣಿಸಿದ ಮೇಲೆ ಉಸಿರು ಬಿಟ್ಟೆ.

ಅದೇ ಲಾಗ್ ನೋಡುತ್ತಿದ್ದಾಗ ಇನ್ನೊಂದು ನೆನಪಾಯಿತು. ಮೊದಲ ದಿನ ಏರಿಸಿದ ಜಿಪ್ ಫೈಲ್. ಅದನ್ನು ಬಿಚ್ಚಿದ್ದೆ, ಅಳಿಸಿರಲಿಲ್ಲ. ಅದು ‘ಕಾಗದ’ ಫೋಲ್ಡರ್‌ನ ಒಳಗೂ ಇರಲಿಲ್ಲ, ಅದರ ಪಕ್ಕದಲ್ಲಿ, ಬೀಗವೇ ಇಲ್ಲದ ಜಾಗದಲ್ಲಿತ್ತು. 214 ಪುಟವೂ ಒಂದೇ ಗಂಟಿನಲ್ಲಿ. ಲಾಗ್‌ನಲ್ಲಿ ಆ ಹೆಸರನ್ನು ಹುಡುಕಿದೆ. ಯಾರೂ ಕೇಳಿರಲಿಲ್ಲ. ಅಳಿಸಿದೆ. ಅಳಿಸಿದ ಮೇಲೆ ಅದರ ವಿಳಾಸವನ್ನೂ ಕರ್ಲ್‌ಗೆ ಕೊಟ್ಟು 404, ಅಂದರೆ ‘ಅಂಥದ್ದಿಲ್ಲ’, ಬರುವುದನ್ನು ನೋಡಿಕೊಂಡೆ.

ಈಗ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಅದು ಪುಟದಲ್ಲಿರುವ 214 ಪಟಗಳ ವಿಳಾಸವನ್ನೂ ಪಾಸ್‌ವರ್ಡ್ ಇಲ್ಲದೆ ಒಂದೊಂದಾಗಿ ಕೇಳುತ್ತದೆ, ಸೈಟ್ ಹೆಸರಿನ ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಟ್ಟೂ, ಇಡದೆಯೂ. 401 ಅಲ್ಲದ್ದು ಒಂದು ಸಿಕ್ಕರೂ ನನಗೆ ಮೇಲ್ ಬರುತ್ತದೆ. ಸರ್ವರ್ ಅಪ್‌ಡೇಟ್ ಆದಾಗೆಲ್ಲ ಓಡಿಸುತ್ತೇನೆ.

ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. “61ನೇ ಪುಟ ತಲೆಕೆಳಗಾಗಿದೆ ನೋಡಮ್ಮ. ಅದರಲ್ಲಿ ನನ್ನ ಹೆಸರಿಟ್ಟ ಸುದ್ದಿ ಇದೆ ಅನ್ಸತ್ತೆ, ಕತ್ತು ತಿರುಗಿಸಿ ಓದೋಕಾಗ್ತಿಲ್ಲ.” ಇತ್ತು, ಅವರ ಹೆಸರಿನದೇ ಸುದ್ದಿ. ಪಟವನ್ನು ತಿರುಗಿಸಿ, ಮತ್ತೆ ಏರಿಸಿ, ಅವರಿಗೆ ಹೇಳುವ ಮೊದಲು ಆ ಒಂದು ವಿಳಾಸವನ್ನು ಕರ್ಲ್‌ಗೆ ಕೊಟ್ಟೆ. 401 ಬಂತು. ಆಮೇಲೆ ಅವರಿಗೆ ಫೋನ್ ಮಾಡಿದೆ.